‘ಗೊತ್ತಿರೋ ಹುಡುಗ’ ಎಂಬ ಪ್ರಮಾಣಪತ್ರ

ಸಹಕಾರ ಸಂಘದ ಆಡಳಿತ ಮಂಡಳಿ ಸಭೆಯಲ್ಲಿ ಯೂರಿಯಾ ದಾಸ್ತಾನಿನ ಮೇಲೆ ಒಂದು ಗಂಟೆ ವಾದ ನಡೆಯುತ್ತದೆ. ಗೋದಾಮಿಗೆ ಸುಣ್ಣಬಣ್ಣ ಮಾಡಿಸುವ ಮಾತು ಬಂದರೆ ಯಾರ ಕೈಲಿ, ಎಷ್ಟು ಕೂಲಿ, ಎಷ್ಟು ಡಬ್ಬ ಎಂದು ಇನ್ನರ್ಧ ಗಂಟೆ. ಕಂಪ್ಯೂಟರ್ ನಿರ್ವಹಣೆ ಯಾರಿಗೆ ಕೊಡಬೇಕು ಎಂಬ ವಿಷಯಕ್ಕೆ ಬರುವ ಹೊತ್ತಿಗೆ ಮಂಡಕ್ಕಿ ಮಿರ್ಚಿ ಬಂದಿರುತ್ತದೆ. ‘ಗೊತ್ತಿರೋ ಹುಡುಗ ಅದಾನೆ, ಪಕ್ಕದ ಸೊಸೈಟಿಗೂ ಅವನೇ ಮಾಡೋದು’ ಎಂದು ಒಬ್ಬರು ಹೇಳುತ್ತಾರೆ. ಇನ್ನೊಬ್ಬರು ಹೂಂಗುಟ್ಟುತ್ತಾರೆ. ಠರಾವು ಪಾಸು.

ದಾವಣಗೆರೆ ಜಿಲ್ಲೆಯ ಜಗಳೂರಿನಲ್ಲಿ ಇದು ಹೀಗೇ ನಡೆಯುತ್ತದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳಲ್ಲೂ ಇದಕ್ಕಿಂತ ಬೇರೆಯಾಗಿ ನಡೆಯುತ್ತದೆ ಎಂದುಕೊಳ್ಳಲು ಕಾರಣವಿಲ್ಲ. ಪತ್ತಿನ ಸಂಘವಿರಲಿ, ಖಾಸಗಿ ಶಾಲೆ, ನರ್ಸಿಂಗ್ ಹೋಂ, ದಲ್ಲಾಳಿ ಮಂಡಿ, ಪೆಟ್ರೋಲ್ ಬಂಕ್ ಇರಲಿ, ಕಂಪ್ಯೂಟರ್ ನೋಡಿಕೊಳ್ಳುವವರನ್ನು ಆರಿಸುವ ವಿಧಾನ ಒಂದೇ: ಯಾರಾದರೂ ಒಬ್ಬರು ಹೆಸರು ಹೇಳಬೇಕು. ಹೆಸರು ಹೇಳಿದವರು ದೊಡ್ಡವರಾಗಿದ್ದರೆ ಮುಗಿಯಿತು, ಮುಂದೆ ವಿಚಾರಿಸುವುದು ಅವರಿಗೆ ಅವಮಾನ. ಇದರ ಹಿಂದೆ ಒಂದು ಗಟ್ಟಿ ನಂಬಿಕೆ ಇದೆ. ಸಣ್ಣ ಊರು, ಎಲ್ಲರಿಗೂ ಎಲ್ಲರೂ ಗೊತ್ತು, ಮೋಸ ಮಾಡಿ ಅವನು ಎಲ್ಲಿಗೆ ಹೋಗುತ್ತಾನೆ? ಹಿಂದೆ ಕೆಲಸ ಮಾಡಿಸಿಕೊಂಡವರನ್ನು ಹುಡುಕಿ, ಫೋನ್ ಮಾಡಿ, ಪ್ರಶ್ನೆ ಕೇಳುವುದೆಲ್ಲ ಬೆಂಗಳೂರಿನ ಕಂಪನಿಗಳ ಶೋಕಿ. ನಮಗೆ ಪರಿಚಯವೇ ಖಾತರಿ.

ಈ ನಂಬಿಕೆ ತಪ್ಪು. ಅಲ್ಲಲ್ಲಿ ತೇಪೆ ಹಾಕಿ ಸರಿಮಾಡುವಂಥ ತಪ್ಪೂ ಅಲ್ಲ, ಬುಡದಲ್ಲೇ ತಪ್ಪು.

ಪರಿಚಯ ಉತ್ತರಿಸುವುದು ಒಂದೇ ಪ್ರಶ್ನೆಗೆ: ಇವನು ದುಡ್ಡು ತಗೊಂಡು ಓಡಿಹೋಗುತ್ತಾನೋ ಇಲ್ಲವೋ? ಕಂಪ್ಯೂಟರ್ ವಿಷಯದಲ್ಲಿ ಆಗುವ ಅನಾಹುತಗಳಲ್ಲಿ ಹೆಚ್ಚಿನವಕ್ಕೆ ಓಡಿಹೋಗುವ ಮನುಷ್ಯ ಬೇಕಾಗಿಯೇ ಇಲ್ಲ. ಊರಲ್ಲೇ ಇರುವ, ಕರೆದರೆ ಬರುವ, ಹಬ್ಬಕ್ಕೆ ಮನೆಗೆ ಕರೆದು ಹೋಳಿಗೆ ಹಾಕುವ ಒಳ್ಳೆಯ ಹುಡುಗನೇ ಸಾಕು. ಅವನು ನಿಧಾನವಾದ ಕಂಪ್ಯೂಟರನ್ನು ಫಾರ್ಮ್ಯಾಟ್ ಹೊಡೆಯುತ್ತಾನೆ. ಮೊದಲೇ ನಕಲು ತೆಗೆದಿಟ್ಟುಕೊಳ್ಳಬೇಕಿತ್ತೆಂದು ಆಮೇಲೆ ನೆನಪಾಗುತ್ತದೆ. ಬಿಲ್ ಕಡಿಮೆಯಾಗಲಿ ಎಂಬ ಕಾಳಜಿಯಿಂದ ಕ್ರ್ಯಾಕ್ ಮಾಡಿದ ವಿಂಡೋಸ್ ಹಾಕಿಕೊಡುತ್ತಾನೆ. ಆ ಕ್ರ್ಯಾಕಿನ ಜೊತೆಗೆ ಇನ್ನೇನು ಒಳಗೆ ಬಂತೆಂದು ಅವನಿಗೂ ಗೊತ್ತಿರುವುದಿಲ್ಲ. ಪ್ರತಿ ಸಲ ಬೈಕ್ ಹತ್ತಿ ಬರುವುದು ತಪ್ಪಲಿ ಎಂದು ಎಲ್ಲ ಗಿರಾಕಿಗಳ ಕಂಪ್ಯೂಟರಿಗೂ ದೂರದಿಂದಲೇ ನೋಡಿಕೊಳ್ಳುವ ಎನಿಡೆಸ್ಕ್ ಹಾಕಿ, ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಇಡುತ್ತಾನೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ನಡಾವಳಿಗಳು ಮರುದಿನ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ, ಯಾಕೆಂದರೆ ಫಾಂಟ್ ಮತ್ತೆ ಹಾಕುವುದು ಮರೆತಿದ್ದಾನೆ. ಇದರಲ್ಲಿ ಒಂದರಲ್ಲೂ ಮೋಸವಿಲ್ಲ. ಎಲ್ಲದರಲ್ಲೂ ನಷ್ಟವಿದೆ. ‘ನಮ್ಮ ಹುಡುಗ, ನಂಬಿಕಸ್ಥ’ ಎಂದ ಹಿರಿಯರು ಹೇಳಿದ್ದು ನಿಜವೇ. ಅವರನ್ನು ಕೇಳಬೇಕಿದ್ದ ಪ್ರಶ್ನೆ ಬೇರೆಯಾಗಿತ್ತು, ಅಷ್ಟೆ.

ಒಂದು ಕಾಲದಲ್ಲಿ ಈ ಉದಾಸೀನ ನಡೆಯುತ್ತಿತ್ತು. ಲೆಕ್ಕ ಇದ್ದದ್ದು ಖಾತೆ ಪುಸ್ತಕದಲ್ಲಿ, ಪುಸ್ತಕ ಇದ್ದದ್ದು ಬೀರುವಿನಲ್ಲಿ, ಬೀರುವಿನ ಕೀಲಿ ಇದ್ದದ್ದು ಕಾರ್ಯದರ್ಶಿಯ ಸೊಂಟದಲ್ಲಿ. ಕಂಪ್ಯೂಟರ್ ಪತ್ರ ಟೈಪ್ ಮಾಡುವ ಯಂತ್ರವಾಗಿತ್ತು, ಕೆಟ್ಟರೆ ಒಂದು ವಾರ ಬಟ್ಟೆ ಮುಚ್ಚಿಟ್ಟರೂ ಏನೂ ಆಗುತ್ತಿರಲಿಲ್ಲ. ಈಗ ಬೆಳೆಸಾಲ, ಠೇವಣಿ, ಚಿನ್ನದ ಅಡಮಾನ, ಸದಸ್ಯರ ಆಧಾರ್ ಸಂಖ್ಯೆ ಎಲ್ಲ ಅದರೊಳಗೇ ಇವೆ. 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅಂದರೆ ಮಳೆ ನೆಚ್ಚಿಕೊಂಡ ಜಗಳೂರಿನಂಥ ತಾಲ್ಲೂಕಿನ ಹೋಬಳಿ ಮಟ್ಟದ ಸಂಘಕ್ಕೂ ಕಂಪ್ಯೂಟರ್ ಯಾರ ಕೈಗೆ ಕೊಡುವುದೆಂಬ ಪ್ರಶ್ನೆ ಬಂದು ಕೂತಿದೆ. ಯಂತ್ರ, ಸಾಫ್ಟ್‌ವೇರ್, ತರಬೇತಿ ಮೇಲಿಂದ ಬರುತ್ತವೆ. ಯುಪಿಎಸ್ ಸತ್ತ ದಿನ, ವೈರಸ್ ಹೊಕ್ಕ ದಿನ ಬರುವವನು ಮಾತ್ರ ಊರಿನವನೇ.

ವಿಚಾರಿಸಿದ್ದೇವೆ ಎನ್ನುವವರೂ ಇದ್ದಾರೆ. ಅವರು ಮಾಡುವುದೇನು? ‘ಇನ್ನೆಲ್ಲಿ ಕೆಲಸ ಮಾಡಿದ್ದೀಯಪ್ಪ?’ ಎಂದು ಆ ಹುಡುಗನನ್ನೇ ಕೇಳುತ್ತಾರೆ. ಅವನು ಮೂರು ಹೆಸರು ಕೊಡುತ್ತಾನೆ. ಆ ಮೂವರೂ ಚೆನ್ನಾಗಿಯೇ ಹೇಳುತ್ತಾರೆ. ಹೇಳದೆ ಇನ್ನೇನು? ಕೆಟ್ಟದ್ದು ಹೇಳುವವರ ನಂಬರ್ ಯಾರಾದರೂ ತಾವಾಗಿ ಕೊಡುತ್ತಾರೆಯೇ? ಜಗಳೂರಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಬೋರ್‌ವೆಲ್ ಪಾಯಿಂಟ್ ಗುರುತು ಮಾಡುವವನು ನೀರು ಬಿದ್ದ ಹೊಲಗಳ ಪಟ್ಟಿಯನ್ನು ಬಾಯಿಪಾಠ ಒಪ್ಪಿಸುತ್ತಾನೆ. ಧೂಳು ಎದ್ದ ಹೊಲಗಳು ಆ ಪಟ್ಟಿಯಲ್ಲಿ ಇರುವುದಿಲ್ಲ, ಆ ಹೊಲದವನು ಸಾಲ ಕಟ್ಟುತ್ತಾ ಮನೆಯಲ್ಲಿ ಸುಮ್ಮನೆ ಕೂತಿರುತ್ತಾನೆ. ಮಾರುವವನೇ ಆರಿಸಿಕೊಟ್ಟ ಮೂರು ಹೆಸರುಗಳಿಗೆ ಅದಕ್ಕಿಂತ ಹೆಚ್ಚಿನ ಬೆಲೆಯಿಲ್ಲ.

ಪಟ್ಟಿಯಲ್ಲಿ ಇಲ್ಲದ ಗಿರಾಕಿಯೇ ನಿಜವಾದ ಗಿರಾಕಿ ಎಂಬುದಕ್ಕೆ ಭಾರತದಲ್ಲಿ ಸತ್ಯಂ ಕಂಪ್ಯೂಟರ್ಸ್‌ಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 2008ರಲ್ಲಿ ಹೈದರಾಬಾದಿನ ಈ ಕಂಪನಿಯ ಬಗ್ಗೆ ಯಾರು ವಿಚಾರಿಸಿದ್ದರೂ ಸಿಗುತ್ತಿದ್ದ ಉತ್ತರ ಬೆರಗು ಹುಟ್ಟಿಸುವಂಥದ್ದು. ಐವತ್ತು ಸಾವಿರಕ್ಕೂ ಹೆಚ್ಚು ನೌಕರರು. ನ್ಯೂಯಾರ್ಕ್ ಷೇರುಪೇಟೆಯಲ್ಲಿ ನೋಂದಣಿ. ಅಮೆರಿಕದ ಫಾರ್ಚೂನ್ 500 ಪಟ್ಟಿಯ ನೂರಕ್ಕೂ ಹೆಚ್ಚು ಕಂಪನಿಗಳು ಗಿರಾಕಿ. ಲೆಕ್ಕ ತಪಾಸಣೆ ಜಗತ್ತಿನ ನಾಲ್ಕು ದೊಡ್ಡ ಆಡಿಟ್ ಸಂಸ್ಥೆಗಳಲ್ಲಿ ಒಂದಾದ ಪ್ರೈಸ್‌ವಾಟರ್‌ಹೌಸ್‌ಕೂಪರ್ಸ್ ಬಳಗದ್ದು. ಸಾಲದ್ದಕ್ಕೆ ಅದೇ ವರ್ಷ ಉತ್ತಮ ಕಾರ್ಪೊರೇಟ್ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಪ್ರಶಸ್ತಿ. ಇಷ್ಟು ದೊಡ್ಡ ಹೂವಿನ ಹಾರ ಹಾಕಿಕೊಂಡವರನ್ನು ಇನ್ನೇನು ವಿಚಾರಿಸುವುದು?

ವಿಶ್ವಬ್ಯಾಂಕ್ ಅದೇ ಸತ್ಯಂನ ದೊಡ್ಡ ಗಿರಾಕಿಯಾಗಿತ್ತು. ಅಲ್ಲಿನ ಕಂಪ್ಯೂಟರ್ ವ್ಯವಸ್ಥೆಯ ಕೆಲಸವನ್ನು ಸತ್ಯಂ ವರ್ಷಗಟ್ಟಲೆ ನೋಡಿಕೊಂಡಿತ್ತು. ಪ್ರಶಸ್ತಿ ಬಂದ ಅದೇ 2008ರಲ್ಲಿ ವಿಶ್ವಬ್ಯಾಂಕ್ ಆ ಕಂಪನಿಗೆ ಎಂಟು ವರ್ಷ ಬಾಗಿಲು ಮುಚ್ಚಿತು. ಕೊಟ್ಟ ಕಾರಣ, ಬ್ಯಾಂಕಿನ ಸಿಬ್ಬಂದಿಗೆ ಸಲ್ಲದ ಲಾಭ ಮಾಡಿಕೊಟ್ಟದ್ದು ಮತ್ತು ಉಪಗುತ್ತಿಗೆದಾರರ ಹೆಸರಲ್ಲಿ ವಸೂಲು ಮಾಡಿದ ಹಣಕ್ಕೆ ಸರಿಯಾದ ದಾಖಲೆ ಇಡದೆ ಹೋದದ್ದು. ಈ ಸಂಗತಿ ಸಾರ್ವಜನಿಕವಾಗಿ ಖಚಿತವಾದದ್ದು ಡಿಸೆಂಬರ್‌ನಲ್ಲಿ. ಅದಾಗಿ ಹೆಚ್ಚು ದಿನ ಕಳೆದಿರಲಿಲ್ಲ, 2009ರ ಜನವರಿ 7ರಂದು ಅಧ್ಯಕ್ಷ ರಾಮಲಿಂಗ ರಾಜು ವರ್ಷಗಳಿಂದ ಲೆಕ್ಕ ಉಬ್ಬಿಸಿ ತೋರಿಸುತ್ತಾ ಬಂದದ್ದಾಗಿ ಪತ್ರ ಬರೆದು ಒಪ್ಪಿಕೊಂಡರು. ಸುಮಾರು 7,000 ಕೋಟಿ ರೂಪಾಯಿಯ ಹಗರಣ. 2015ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಅವರಿಗೆ ಏಳು ವರ್ಷ ಸಜೆ ವಿಧಿಸಿತು. ಪ್ರಶಸ್ತಿಯನ್ನೂ ವಾಪಸು ಪಡೆಯಲಾಯಿತು.

ಇಲ್ಲಿ ಗಮನಿಸಬೇಕಾದದ್ದು ಹಗರಣದ ಮೊತ್ತವನ್ನಲ್ಲ. ಹೊಗಳುತ್ತಿದ್ದವರು ನೂರಾರು ಮಂದಿ, ಬಿಟ್ಟುಹೋದ ಗಿರಾಕಿ ಒಬ್ಬ. ನೂರು ಹೊಗಳಿಕೆಗಳಲ್ಲಿ ಸಿಗದ ಸತ್ಯದ ಒಂದು ತುಣುಕು ಆ ಒಬ್ಬನ ಹತ್ತಿರವಿತ್ತು. ಅವನು ತಿಂಗಳುಗಟ್ಟಲೆ ಅದನ್ನು ಡಂಗುರ ಸಾರಲೂ ಇಲ್ಲ. ಬಿಟ್ಟುಹೋದ ಗಿರಾಕಿ ತಾನಾಗಿ ಬಂದು ಹೇಳುವುದಿಲ್ಲ, ಹುಡುಕಿಕೊಂಡು ಹೋಗಿ ಕೇಳಬೇಕು. ವಿಶ್ವಬ್ಯಾಂಕಿನಂಥ ಸಂಸ್ಥೆಯೇ ಹೀಗಿದ್ದ ಮೇಲೆ ಜಗಳೂರಿನ ಮಂಡಿ ಮಾಲೀಕ ‘ಹೋಗ್ಲಿ ಬಿಡ್ರಿ, ಅವನ ಹೊಟ್ಟೆಪಾಡು’ ಎಂದು ಸುಮ್ಮನಾದರೆ ಆಶ್ಚರ್ಯವೇನು?

ಪರಿಚಯವನ್ನು ನೆಚ್ಚದ ಸರ್ಕಾರಿ ದಾರಿಯೊಂದು ಇದೆಯಲ್ಲ ಎನ್ನಬಹುದು. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ 1999ರಷ್ಟು ಹಳೆಯದು. ಟೆಂಡರ್, ಎರಡು ಲಕೋಟೆ, ಇಂಥದೇ ಕೆಲಸ ಮಾಡಿದ ಅನುಭವ ಪ್ರಮಾಣಪತ್ರ, ಕಡಿಮೆ ದರ ಕೂಗಿದವನಿಗೆ ಕೆಲಸ. ಕಾಗದದ ಮೇಲೆ ಇದು ಪರಿಚಯಕ್ಕಿಂತ ಎಷ್ಟೋ ಮೇಲು. ಆಚರಣೆಯಲ್ಲಿ ಇದು ಅದೇ ‘ಗೊತ್ತಿರೋ ಹುಡುಗ’ನಿಗೆ ಸೀಲು ಹೊಡೆದ ರೂಪ. ಅನುಭವ ಪ್ರಮಾಣಪತ್ರದಲ್ಲಿ ಬರೆದಿರುವುದು ‘ಕೆಲಸ ತೃಪ್ತಿಕರವಾಗಿ ಪೂರ್ಣಗೊಂಡಿದೆ’ ಎಂಬ ಒಂದು ಸಾಲು. ಬಿಲ್ ಪಾಸಾದ ದಿನ ಬರೆದ ಸಾಲು ಅದು. ಆರು ತಿಂಗಳಾದ ಮೇಲೆ ಸರ್ವರ್ ಕೂತುಹೋದಾಗ ಆ ಸಾಲನ್ನು ಯಾರೂ ತಿದ್ದುವುದಿಲ್ಲ. ಸಹಿ ಹಾಕಿದ ಅಧಿಕಾರಿಗೆ ಒಂದು ಫೋನ್ ಮಾಡಿ ‘ಸ್ವಾಮಿ, ಮತ್ತೆ ಇವರಿಗೇ ಕೊಡ್ತೀರಾ?’ ಎಂದು ಕೇಳುವ ಪರಿಪಾಠವೂ ಇಲ್ಲ. ಸಣ್ಣ ಮೊತ್ತದ ಕೆಲಸಗಳಲ್ಲಂತೂ ಮೂರು ಕೊಟೇಷನ್ ಸಾಕು. ಮೂರನ್ನೂ ಒಬ್ಬನೇ ಬೇರೆ ಬೇರೆ ಲೆಟರ್‌ಹೆಡ್‌ನಲ್ಲಿ ತಂದುಕೊಡುವುದು ಯಾವ ಕಚೇರಿಯಲ್ಲೂ ಗುಟ್ಟಲ್ಲ. ಮೂರರಲ್ಲೂ ಒಂದೇ ಕಾಗುಣಿತ ತಪ್ಪು ಇರುವುದನ್ನು ನೋಡಿ ನಕ್ಕು ಸಹಿ ಹಾಕುವವರಿದ್ದಾರೆ.

ಇನ್ನು ಆ ಪ್ರಮಾಣಪತ್ರಗಳನ್ನೆಲ್ಲ ಹೊತ್ತ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ತಾಣಕ್ಕೇ 2019ರಲ್ಲಿ ಕನ್ನ ಬಿತ್ತು. ಗುತ್ತಿಗೆದಾರರು ಕಟ್ಟಿದ ಮುಂಗಡ ಠೇವಣಿ (ಇಎಂಡಿ) ಹಣದಲ್ಲಿ ಸುಮಾರು 11.5 ಕೋಟಿ ರೂಪಾಯಿ ಬೇರೆಯವರ ಖಾತೆಗೆ ಹೋಯಿತು, ಪ್ರಕರಣ ಸಿಐಡಿಗೆ ಹೋಯಿತು. ಎಲ್ಲರ ಯೋಗ್ಯತೆ ಅಳೆಯುವ ಪೆಟ್ಟಿಗೆಯ ಬೀಗವನ್ನೇ ಯಾರೂ ಎಳೆದು ನೋಡಿರಲಿಲ್ಲ.

ಬೀಗ ಎಳೆದು ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ನ್ಯಾಮತಿಗಿಂತ ಹತ್ತಿರದ ಉದಾಹರಣೆ ಇಲ್ಲ. 2024ರ ಅಕ್ಟೋಬರ್ ಕೊನೆಯ ವಾರ ಅಲ್ಲಿನ ಸ್ಟೇಟ್ ಬ್ಯಾಂಕ್ ಶಾಖೆಗೆ ಕಿಟಕಿ ಮುರಿದು ನುಗ್ಗಿದ ಕಳ್ಳರು ಗ್ಯಾಸ್ ಕಟರಿನಿಂದ ಲಾಕರ್ ಕತ್ತರಿಸಿ 17 ಕಿಲೋಗೂ ಹೆಚ್ಚು ಅಡಮಾನದ ಚಿನ್ನ ಹೊತ್ತೊಯ್ದರು. ಹೋಗುವಾಗ ಖಾರದ ಪುಡಿ ಎರಚಿದರು. ಜೊತೆಗೆ ಸಿಸಿಟಿವಿಯ ಡಿವಿಆರ್ ಪೆಟ್ಟಿಗೆಯನ್ನೂ ಎತ್ತಿಕೊಂಡು ಹೋದರು. ದಾವಣಗೆರೆ ಪೊಲೀಸರು ತಿಂಗಳುಗಟ್ಟಲೆ ಬೆವರು ಸುರಿಸಿ 2025ರ ಮಾರ್ಚ್‌ ಹೊತ್ತಿಗೆ ಆರೋಪಿಗಳನ್ನು ಹಿಡಿದು, ತಮಿಳುನಾಡಿನ ಉಸಿಲಂಪಟ್ಟಿ ಕಡೆಯ ಬಾವಿಯೊಂದರಿಂದ ಚಿನ್ನ ಮೇಲೆತ್ತಿದರು. ಬಂಧಿತರಲ್ಲಿ ಮುಖ್ಯನಾದವನು ನ್ಯಾಮತಿಯಲ್ಲೇ ಬೇಕರಿ ತಿಂಡಿಯ ಅಂಗಡಿ ಇಟ್ಟುಕೊಂಡು ಊರಿಗೆಲ್ಲ ಪರಿಚಿತನಾಗಿದ್ದವನು. ಗೊತ್ತಿರುವವನು ಎಲ್ಲಿಗೆ ಹೋಗುತ್ತಾನೆ ಎನ್ನುವವರು ಇದನ್ನು ಒಮ್ಮೆ ಯೋಚಿಸಬೇಕು. ಅದಕ್ಕಿಂತ ಮುಖ್ಯವಾದದ್ದು ಆ ಡಿವಿಆರ್. ಕ್ಯಾಮೆರಾ ಇತ್ತು, ರೆಕಾರ್ಡಿಂಗ್ ಇತ್ತು, ಎಲ್ಲ ಇತ್ತು. ಎಲ್ಲವೂ ಕಳ್ಳನ ಕೈಗೆಟಕುವ ಜಾಗದಲ್ಲಿತ್ತು. ಜಗಳೂರಿನ ಎಷ್ಟೋ ಅಂಗಡಿಗಳಲ್ಲಿ ಡಿವಿಆರ್ ಇವತ್ತಿಗೂ ಗಲ್ಲಾಪೆಟ್ಟಿಗೆಯ ಮೇಲೇ ಕೂತಿದೆ. ಲೆಕ್ಕದ ಬ್ಯಾಕಪ್ ಇರುವ ಪೆನ್‌ಡ್ರೈವ್ ಅದೇ ಕಂಪ್ಯೂಟರಿನ ಬೆನ್ನಿಗೆ ಚುಚ್ಚಿಕೊಂಡೇ ಇದೆ. ಕ್ಯಾಮೆರಾ ಕೂರಿಸಿದವನ ಬಗ್ಗೆ ‘ಚೆನ್ನಾಗಿ ಮಾಡ್ತಾನೆ’ ಎಂದು ಹತ್ತು ಜನ ಹೇಳಬಹುದು. ‘ಪೆಟ್ಟಿಗೆ ಕದ್ದರೆ ಚಿತ್ರ ಉಳಿಯುತ್ತಾ?’ ಎಂದು ಆ ಹತ್ತು ಜನರಲ್ಲಿ ಒಬ್ಬರೂ ಕೇಳಿರುವುದಿಲ್ಲ.

ಹಾಗಾದರೆ ದೊಡ್ಡ ಕಂಪನಿಯನ್ನೇ ಹಿಡಿಯೋಣ ಎನ್ನುವುದು ಇದೇ ಸೋಮಾರಿತನದ ಇನ್ನೊಂದು ವೇಷ. ಟಾಟಾ ಕನ್ಸಲ್ಟೆನ್ಸಿ ಮತ್ತು ಸ್ಟೇಟ್ ಬ್ಯಾಂಕ್ ಸೇರಿ ಕಟ್ಟಿದ ಸಿ-ಎಡ್ಜ್ ಟೆಕ್ನಾಲಜೀಸ್‌ಗಿಂತ ದೊಡ್ಡ ಮನೆತನದ ಕಂಪನಿ ಸಹಕಾರಿ ಬ್ಯಾಂಕುಗಳಿಗೆ ಎಲ್ಲಿ ಸಿಗಬೇಕು? 2024ರ ಜುಲೈ ಕೊನೆಗೆ ಅದರ ವ್ಯವಸ್ಥೆಗೆ ದತ್ತಾಂಶಕ್ಕೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ಬಡಿಯಿತು. 31ರಂದು ರಾಷ್ಟ್ರೀಯ ಪಾವತಿ ನಿಗಮವು ಸಿ-ಎಡ್ಜ್ ಅನ್ನು ಪಾವತಿ ಜಾಲದಿಂದ ಬೇರ್ಪಡಿಸಿತು. ದೇಶದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ನಿಂತುಹೋದವು. ಬೆಂಗಳೂರಿನ ಸೈಬರ್ ಭದ್ರತಾ ಸಂಸ್ಥೆ ಕ್ಲೌಡ್‌ಸೆಕ್ ಆಮೇಲೆ ಕೊಟ್ಟ ವರದಿಯ ಪ್ರಕಾರ, ದಾಳಿಕೋರರು ಒಳಹೊಕ್ಕಿದ್ದು ಸಿ-ಎಡ್ಜ್ ಜೊತೆ ಕೆಲಸ ಮಾಡುತ್ತಿದ್ದ ಇನ್ನೊಂದು ಕಂಪನಿಯ ಸರಿಯಾಗಿ ಭದ್ರಪಡಿಸದ ಸರ್ವರ್ ಮೂಲಕ. ಎಲ್ಲರೂ ಮನೆತನ ನೋಡಿದ್ದರು, ಆ ಮನೆಗೆ ಹಿತ್ತಿಲ ಬಾಗಿಲಿಂದ ಯಾರು ಬಂದುಹೋಗುತ್ತಾರೆಂದು ಯಾರೂ ಕೇಳಿರಲಿಲ್ಲ. ಅಮೆರಿಕದ ಕಸೇಯಾ ಕಥೆಯೂ ಇದೇ. ಕಂಪ್ಯೂಟರ್ ನಿರ್ವಹಣೆ ಮಾಡುವ ಕಂಪನಿಗಳು ದೂರದಿಂದಲೇ ಗಿರಾಕಿಗಳ ಯಂತ್ರ ನೋಡಿಕೊಳ್ಳಲು ಬಳಸುತ್ತಿದ್ದ ಅದರ ಸಾಫ್ಟ್‌ವೇರನ್ನು 2021ರ ಜುಲೈನಲ್ಲಿ ದಾಳಿಕೋರರು ವಶಪಡಿಸಿಕೊಂಡರು. ಏಟು ತಿಂದ ಕಸೇಯಾದ ಗಿರಾಕಿಗಳು ಐವತ್ತು ಅರವತ್ತರ ಆಸುಪಾಸು, ಆ ಗಿರಾಕಿಗಳ ಗಿರಾಕಿಗಳು ಸಾವಿರದ ಐನೂರರ ತನಕ. ಸ್ವೀಡನ್ನಿನಲ್ಲಿ ಗಲ್ಲಾ ಯಂತ್ರ ಕೆಲಸ ಮಾಡದೆ ಕೂಪ್ ಎಂಬ ದಿನಸಿ ಅಂಗಡಿ ಸರಪಳಿಯ ನೂರಾರು ಮಳಿಗೆಗಳು ಬಾಗಿಲು ಹಾಕಿದವು. ಎಲ್ಲ ಗಿರಾಕಿಗಳ ಎನಿಡೆಸ್ಕ್‌ಗೂ ಒಂದೇ ಪಾಸ್‌ವರ್ಡ್ ಇಟ್ಟ ನಮ್ಮೂರ ಹುಡುಗನ ಅಂಗಡಿಗೂ ಇದಕ್ಕೂ ಗಾತ್ರದಲ್ಲಿ ಮಾತ್ರ ವ್ಯತ್ಯಾಸ.

ಸ್ವೀಡನ್ ದೂರವಾಯಿತು ಎನ್ನುವವರಿಗೆ ಹೊಸಪೇಟೆ ದೂರವಿಲ್ಲ. ಅಲ್ಲಿನ ಬಳ್ಳಾರಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನಿಂದ 2025ರ ಜನವರಿಯಲ್ಲಿ ಸುಮಾರು 2.34 ಕೋಟಿ ರೂಪಾಯಿ ಹೋಯಿತು. ಆರ್‌ಟಿಜಿಎಸ್, ನೆಫ್ಟ್ ಹಣ ಇನ್ನೊಂದು ಬ್ಯಾಂಕಿನ ಮೂಲಕ ಸಾಗುವ ದಾರಿಯಲ್ಲಿ ಕಡತದೊಳಗಿನ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಬದಲಾಗಿದ್ದವು. ಹಣ ಉತ್ತರ ಭಾರತದ ಖಾತೆಗಳಿಗೆ ಹೋಗಿತ್ತು. ಜಗಳೂರಿನಿಂದ ಉತ್ತರಕ್ಕೆ ಕೂಡ್ಲಿಗಿ ದಾಟಿದರೆ ಹೊಸಪೇಟೆ. ಅಲ್ಲಿಗೆ ಬಂದದ್ದು ಇಲ್ಲಿಗೆ ಬರುವುದಿಲ್ಲ ಎನ್ನಲು ಯಾವ ತಡೆಗೋಡೆಯೂ ನಡುವೆ ಇಲ್ಲ.

ಈಗ ಎದುರು ವಾದದ ಗಟ್ಟಿ ಭಾಗಕ್ಕೆ ಬರಬೇಕು. ಜಗಳೂರಿನಂಥ ಊರಲ್ಲಿ ಈ ಕೆಲಸ ಮಾಡುವವರು ಬೆರಳೆಣಿಕೆಯಷ್ಟು. ದಾವಣಗೆರೆಯಿಂದ ಕರೆಸಿದರೆ ಬಂದು ಹೋಗುವುದಕ್ಕೇ ಅರ್ಧ ದಿನ, ಅದರ ಮೇಲೆ ವಿಸಿಟಿಂಗ್ ಚಾರ್ಜ್. ಆಯ್ಕೆಯೇ ಇಲ್ಲದ ಕಡೆ ಪರೀಕ್ಷೆ ಏಕೆ? ಎರಡನೆಯದು, ಸಣ್ಣ ಊರಲ್ಲಿ ಯಾರೂ ಯಾರ ಮೇಲೂ ಬಾಯಿಬಿಟ್ಟು ಕೆಟ್ಟದ್ದು ಹೇಳುವುದಿಲ್ಲ. ನಾಳೆ ಮದುವೆ ಮನೆಯಲ್ಲಿ ಒಂದೇ ಪಂಕ್ತಿಯಲ್ಲಿ ಕೂರಬೇಕು. ಮೂರನೆಯದು, ವಿಚಾರಿಸಿದ್ದು ಗೊತ್ತಾದರೆ ‘ಏನಣ್ಣ, ನಮ್ ಮ್ಯಾಲೆ ನಂಬಿಕೆ ಇಲ್ವಾ?’ ಎಂದು ಹುಡುಗ ಮುನಿಸಿಕೊಳ್ಳುತ್ತಾನೆ, ಆಮೇಲೆ ಕರೆದರೆ ಬರುವುದಿಲ್ಲ.

ಮೊದಲ ವಾದ ತಲೆಕೆಳಗಾಗಿದೆ. ಆಯ್ಕೆ ಕಡಿಮೆ ಇದ್ದಷ್ಟೂ ವಿಚಾರಣೆ ಹೆಚ್ಚು ಬೇಕು. ಇಬ್ಬರೇ ಇದ್ದರೂ ಇಬ್ಬರಿಗೂ ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಎಂದು ತಿಳಿದರೆ ಪ್ರಿಂಟರ್ ರಿಪೇರಿ ಒಬ್ಬನಿಗೆ, ಸರ್ವರ್ ಮತ್ತು ಬ್ಯಾಕಪ್ ದಾವಣಗೆರೆಯವರಿಗೆ ಎಂದು ಹಂಚಬಹುದು. ಗೊತ್ತಿಲ್ಲದಿದ್ದರೆ ಎಲ್ಲವೂ ಒಬ್ಬನ ತಲೆಗೆ. ಎರಡನೆಯ ಮಾತು ಮಾತ್ರ ನಿಜ, ಒಪ್ಪಬೇಕು. ಅದಕ್ಕೇ ಅಭಿಪ್ರಾಯ ಕೇಳಬಾರದು, ನಡೆದದ್ದನ್ನು ಕೇಳಬೇಕು. ‘ಹುಡುಗ ಹೇಗೆ?’ ಎಂದರೆ ‘ಒಳ್ಳೆಯವನು’ ಎಂದೇ ಉತ್ತರ. ‘ಕಳೆದ ಸಲ ಕೆಟ್ಟಾಗ ಫೋನ್ ಮಾಡಿದ ಎಷ್ಟು ಹೊತ್ತಿಗೆ ಬಂದ? ಅವನೇ ಬಂದನಾ, ಬೇರೆಯವರನ್ನು ಕಳಿಸಿದನಾ?’ ಎಂದರೆ ಯಾರನ್ನೂ ದೂರದೆ ಉತ್ತರ ಹೇಳಬಹುದು. ‘ಬ್ಯಾಕಪ್ ತಗೋತಾನಾ?’ ಎಂದರೆ ಹೌದು ಎನ್ನುತ್ತಾರೆ. ‘ಆ ಬ್ಯಾಕಪ್ಪನ್ನು ಯಾವತ್ತಾದರೂ ಬೇರೆ ಕಂಪ್ಯೂಟರಿಗೆ ಹಾಕಿ ತೆರೆದು ತೋರಿಸಿದನಾ?’ ಎಂದರೆ ಒಂದು ಕ್ಷಣ ಮೌನ. ಆ ಮೌನವೇ ಉತ್ತರ, ಬರೆದುಕೊಳ್ಳಬೇಕು. ಪಾಸ್‌ವರ್ಡುಗಳು ಕಚೇರಿಯಲ್ಲಿ ಎಲ್ಲಾದರೂ ಬರೆದಿವೆಯಾ, ಇಲ್ಲ ಅವನ ತಲೆಯಲ್ಲೇ ಇವೆಯಾ? ವಿಂಡೋಸಿಗೆ, ಟ್ಯಾಲಿಗೆ ದುಡ್ಡು ಕಟ್ಟಿದ ಬಿಲ್ ಇದೆಯಾ? ಬದಲಾಯಿಸಿದ ಹಳೆಯ ಹಾರ್ಡ್‌ಡಿಸ್ಕನ್ನು ವಾಪಸು ಕೊಟ್ಟನಾ, ತಗೊಂಡು ಹೋದನಾ? ಈ ಕೊನೆಯ ಪ್ರಶ್ನೆ ಕೇಳುವವರೇ ಇಲ್ಲ. ಹಳೆಯ ಡಿಸ್ಕಿನ ಜೊತೆ ಊರಿನ ಅರ್ಧ ಜನರ ಆಧಾರ್ ನಕಲು ಗುಜರಿಗೆ ಹೋಗಿರುತ್ತದೆ.

ಕೇಳುವುದು ಯಾರನ್ನು ಎಂಬುದೂ ಮುಖ್ಯ. ಅಧ್ಯಕ್ಷರನ್ನು, ಮಾಲೀಕರನ್ನು ಕೇಳಿ ಪ್ರಯೋಜನವಿಲ್ಲ. ಅವರಿಗೆ ಗೊತ್ತಿರುವುದು ಬಿಲ್ಲಿನ ಮೊತ್ತ ಮಾತ್ರ. ಕಂಪ್ಯೂಟರ್ ಮುಂದೆ ಕೂರುವ ಗುಮಾಸ್ತರನ್ನು, ಶಾಲೆಯ ಕ್ಲರ್ಕನ್ನು, ಲ್ಯಾಬಿನ ಟೆಕ್ನಿಷಿಯನ್ನನ್ನು ಕೇಳಬೇಕು. ಮಾರ್ಚ್ 31ರ ರಾತ್ರಿ ಲೆಕ್ಕ ಮುಗಿಸುವ ಹೊತ್ತಿಗೆ ಸಿಸ್ಟಂ ನಿಂತಾಗ ಅಲ್ಲಿದ್ದವರು ಅವರೇ. ಕೊಟ್ಟ ಮೂರು ಹೆಸರುಗಳ ಜೊತೆ ಅವನನ್ನು ಬಿಟ್ಟ ಒಂದಾದರೂ ಕಡೆ ಹೋಗಿ ವಿಚಾರಿಸಬೇಕು. ಯಾಕೆ ಬಿಟ್ಟಿರಿ ಎನ್ನುವುದಕ್ಕಿಂತ ಬಿಡುವಾಗ ಪಾಸ್‌ವರ್ಡ್, ಡೇಟಾ ಎಲ್ಲ ತಕರಾರಿಲ್ಲದೆ ಒಪ್ಪಿಸಿದನಾ ಎಂದು ಕೇಳುವುದು ಮೇಲು. ಸೇವೆ ಕೊಡುವವನ ಗುಣ ಗೊತ್ತಾಗುವುದು ಸಂಬಂಧ ಮುಗಿಯುವಾಗಲೇ.

ಕಾಗದಗಳನ್ನೂ ನೋಡಬೇಕು, ಅವುಗಳ ಬೆಲೆ ತಿಳಿದುಕೊಂಡು. ಕರ್ನಾಟಕದ ಜಿಎಸ್‌ಟಿ ಸಂಖ್ಯೆ 29ರಿಂದ ಶುರುವಾಗುವ 15 ಅಂಕಿ-ಅಕ್ಷರಗಳದ್ದು. ಜಿಎಸ್‌ಟಿ ತಾಣದಲ್ಲಿ ಅದನ್ನು ಹಾಕಿದರೆ ನೋಂದಣಿ ಜೀವಂತವಿದೆಯೋ ರದ್ದಾಗಿದೆಯೋ, ರಿಟರ್ನ್ ಸಲ್ಲಿಸುತ್ತಿದ್ದಾರೋ ಇಲ್ಲವೋ ಯಾರಿಗೆ ಬೇಕಾದರೂ ಕಾಣುತ್ತದೆ. ವರ್ಷಕ್ಕೆ 20 ಲಕ್ಷದ ಒಳಗೆ ಸೇವಾ ವಹಿವಾಟು ಇರುವವರಿಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯ ಕಡ್ಡಾಯವಿಲ್ಲ, ಹಾಗಾಗಿ ಸಂಖ್ಯೆ ಇಲ್ಲದಿರುವುದು ಅಪರಾಧವಲ್ಲ. ರದ್ದಾದ ಸಂಖ್ಯೆ ಹಾಕಿ ಬಿಲ್ ಕೊಡುವುದು ಅಪರಾಧ. ಗೋಡೆಗೆ ತೂಗುಹಾಕಿದ ಉದ್ಯಮ್ ಪ್ರಮಾಣಪತ್ರವನ್ನು ನೋಡಿ ಮರುಳಾಗಬೇಕಾಗಿಲ್ಲ. ಅದು ಸ್ವಯಂ ಘೋಷಣೆಯ ಮೇಲೆ ಸಿಗುವಂಥದ್ದು, ಕೆಲಸ ಬರುತ್ತದೆ ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ.

ಮುನಿಸಿನ ಮಾತಿಗೆ ಬಂದರೆ, ವಿಚಾರಣೆಯಿಂದ ನಷ್ಟವಾಗುವುದು ಕೆಲಸ ಬಾರದವನಿಗೆ. ಬರುವವನಿಗೆ ಲಾಭ. ಈಗಿನ ಪದ್ಧತಿಯಲ್ಲಿ ಸರಿಯಾದ ಲೈಸೆನ್ಸ್ ಹಾಕಿ, ಬ್ಯಾಕಪ್ ತೆಗೆದು, ಅದಕ್ಕೆ ತಕ್ಕ ದರ ಹೇಳುವ ಹುಡುಗ ಕ್ರ್ಯಾಕ್ ವಿಂಡೋಸ್ ಹಾಕಿ ಐನೂರು ರೂಪಾಯಿಗೆ ಮುಗಿಸುವವನ ಮುಂದೆ ಪ್ರತಿ ಸಲ ಸೋಲುತ್ತಾನೆ. ಇಬ್ಬರೂ ‘ಗೊತ್ತಿರೋ ಹುಡುಗ’ರೇ ಆದ್ದರಿಂದ ಉಳಿಯುವ ವ್ಯತ್ಯಾಸ ದರವೊಂದೇ. ಡಿಪ್ಲೊಮಾ, ಬಿಸಿಎ ಓದಿ ಊರಲ್ಲೇ ಬದುಕು ಕಟ್ಟಿಕೊಳ್ಳಬೇಕೆಂದು ಬಂದ ಹುಡುಗರು ಎರಡು ವರ್ಷದಲ್ಲಿ ಅಂಗಡಿ ಮುಚ್ಚಿ ಬೆಂಗಳೂರು ಬಸ್ ಹತ್ತಿದರೆ ‘ನಮ್ಮೂರಲ್ಲಿ ಒಳ್ಳೆ ಟೆಕ್ನಿಷಿಯನ್ನೇ ಸಿಗಲ್ಲ’ ಎಂದು ಕೊರಗುವವರೂ ಅದೇ ಸಭೆಯಲ್ಲಿ ಮಿರ್ಚಿ ತಿಂದವರೇ.

ಎಚ್ಚರ ವಹಿಸಿದ್ದರ ಫಲ ಕಣ್ಣಿಗೆ ಕಂಡದ್ದೂ ಇದೆ. ದೆಹಲಿಯ ಏಮ್ಸ್ ಆಸ್ಪತ್ರೆಗೆ 2022ರ ನವೆಂಬರ್ 23ರಂದು ರ‍್ಯಾನ್ಸಮ್‌ವೇರ್ ಹೊಕ್ಕಾಗ ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ದಿನಗಟ್ಟಲೆ ಚೀಟಿ, ವರದಿ ಎಲ್ಲ ಕೈಬರಹದಲ್ಲಿ ನಡೆದವು. ಜಾಲವನ್ನು ಸರಿಯಾಗಿ ವಿಭಾಗಿಸದೆ ಇದ್ದದ್ದು ಕಾರಣವೆಂದು ಸರ್ಕಾರವೇ ಸಂಸತ್ತಿಗೆ ತಿಳಿಸಿತು. ದಾಖಲೆಗಳು ಕೊನೆಗೂ ಮರಳಿ ಸಿಕ್ಕಿದ್ದು ದಾಳಿ ತಾಗದೆ ಉಳಿದಿದ್ದ ಒಂದು ಬ್ಯಾಕಪ್ ಸರ್ವರಿನಿಂದ. ಜಗಳೂರಿನ ನರ್ಸಿಂಗ್ ಹೋಮಿಗೆ ಏಮ್ಸ್‌ನ ಸರ್ವರ್ ಬೇಕಿಲ್ಲ, ಬೇರೆ ಕಟ್ಟಡದಲ್ಲಿ ಇಟ್ಟ ಒಂದು ಎಕ್ಸ್‌ಟರ್ನಲ್ ಡಿಸ್ಕ್ ಸಾಕು. ಅದನ್ನು ಇಡಿಸುವ ಬುದ್ಧಿಯಿರುವ ಟೆಕ್ನಿಷಿಯನ್ ಯಾರೆಂಬುದು ಪರಿಚಯದಿಂದ ತಿಳಿಯುವುದಿಲ್ಲ, ಕೇಳಿದರೆ ತಿಳಿಯುತ್ತದೆ.

‘ತಪ್ಪಾದರೆ ಅವನೇ ಜವಾಬ್ದಾರಿ’ ಎಂಬ ಕೊನೆಯ ಸಮಾಧಾನವೂ ಕಾನೂನಿನಲ್ಲಿ ನಿಲ್ಲುವುದಿಲ್ಲ. ಹೊರಗುತ್ತಿಗೆ ಕೊಟ್ಟ ಮಾತ್ರಕ್ಕೆ ಬ್ಯಾಂಕಿನ ಹೊಣೆ ಕಡಿಮೆಯಾಗದು ಎಂದು ರಿಸರ್ವ್ ಬ್ಯಾಂಕ್ 2023ರ ಏಪ್ರಿಲ್‌ನ ಐಟಿ ಹೊರಗುತ್ತಿಗೆ ನಿರ್ದೇಶನದಲ್ಲಿ ಬರೆದಿದೆ, ಕೆಲಸ ಕೊಡುವ ಮೊದಲು ಪೂರ್ವಾಪರ ಪರಿಶೀಲಿಸುವುದನ್ನೂ ಅದರಲ್ಲೇ ಕಡ್ಡಾಯ ಮಾಡಿದೆ. ಸಣ್ಣ ಪಟ್ಟಣ ಸಹಕಾರ ಬ್ಯಾಂಕುಗಳನ್ನು ಆ ನಿರ್ದೇಶನದಿಂದ ಹೊರಗಿಡಲಾಗಿದೆ. ಬಚಾವಾದೆವು ಎಂದು ಅವು ನಿಟ್ಟುಸಿರು ಬಿಡಬೇಕಾಗಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಗಾತ್ರ ನೋಡಿ ಈ ಹೊಣೆ ಹೊರಿಸುವುದಿಲ್ಲ. ಅದರ 8ನೇ ಪ್ರಕರಣದ ಪ್ರಕಾರ ಜನರ ಮಾಹಿತಿ ಸಂಗ್ರಹಿಸಿದವರೇ ಹೊಣೆ, ಕೆಲಸವನ್ನು ಬೇರೆಯವರಿಗೆ ವಹಿಸಿದ್ದರೂ, ಒಪ್ಪಂದದಲ್ಲಿ ಏನೇ ಬರೆದುಕೊಂಡಿದ್ದರೂ. ಭದ್ರತೆಯಲ್ಲಿ ಲೋಪವಾದರೆ ದಂಡದ ಮೇಲ್ಮಿತಿ 250 ಕೋಟಿ ರೂಪಾಯಿ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಮುಖ್ಯ ಹೊಣೆಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶ ಕೊಡಲಾಗಿದೆ. ಆ ಹುಡುಗನ ಹೆಸರು ಹೇಳಿದ ಹಿರಿಯರು ಆ ದಂಡದಲ್ಲಿ ಪಾಲು ಕೊಡುವುದಿಲ್ಲ.

ಆಡಳಿತ ಮಂಡಳಿಗಳು ತಾವಾಗಿ ಬದಲಾಗುತ್ತವೆ ಎಂದು ಕಾಯುವುದು ವ್ಯರ್ಥ. ರಾಜ್ಯದ ಸಹಕಾರ ಸಂಘಗಳು ಪ್ರತಿ ವರ್ಷ ಸೆಪ್ಟೆಂಬರ್ 25ರ ಒಳಗೆ ವಾರ್ಷಿಕ ಮಹಾಸಭೆ ಕರೆಯಬೇಕೆಂದು ಕಾನೂನಿದೆ. ಅಲ್ಲಿ ಲಾಭಾಂಶ ಎಷ್ಟು, ಗಿಫ್ಟ್ ಏನು ಎಂದು ಕೇಳಲು ಎದ್ದು ನಿಲ್ಲುವ ಸದಸ್ಯರು ಈ ಸಲ ಇನ್ನೆರಡು ಪ್ರಶ್ನೆ ಕೇಳಲಿ: ನಮ್ಮ ಲೆಕ್ಕದ ನಕಲು ಯಾವ ಕಟ್ಟಡದಲ್ಲಿದೆ, ಅದನ್ನು ಕೊನೆಯ ಬಾರಿ ತೆರೆದು ನೋಡಿದ್ದು ಯಾವತ್ತು? ಕಂಪ್ಯೂಟರ್ ಕೆಲಸ ಕೊಡುವ ಮೊದಲು ಯಾರ ಹತ್ತಿರ ವಿಚಾರಿಸಿದಿರಿ, ಅವರು ಏನು ಹೇಳಿದರು? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಕೂರಲಿ.